ಚಂದ್ರಿಯ ಮೂರನೇ ಬೆದೆ

ರಾರಾವಿಯ ಹೈದರಸಾಬರ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಜಗಳವೇನೂ ಇಲ್ಲ, ಮುನಿಸೂ ಇಲ್ಲ. ಮಾವ ಒಳ್ಳೆಯವರು, ಸೊಸೆ ಗುಲ್ನಾಜ್ ಅವರಿಗಿಂತ ಒಳ್ಳೆಯವಳು. ಒಳ್ಳೆಯವರಿಬ್ಬರು ಒಂದೇ ಸೂರಿನಡಿ ಇದ್ದರೆ ಎಷ್ಟು ಕಷ್ಟ ಅನ್ನುವುದು ಅಂಥ ಮನೆಯಲ್ಲಿ ಬಾಳಿದವರಿಗೇ ಗೊತ್ತು. ಚಹ ಬೇಕಾದರೆ ಹೈದರಸಾಬರು ಗೋಡೆಯ ಕಡೆ ಮುಖ ಮಾಡಿ, "ಆಫ್ರೀನ್, ನಿಮ್ಮ ಅಮ್ಮಿಗೆ ಹೇಳು, ಚಾ ಆದ್ರ ಆತು ಅಂತ" ಎನ್ನುವರು. ಮೂರು ವರ್ಷದ ಮೊಮ್ಮಗಳು ಆಫ್ರೀನ್ ಅಂಗಳದಲ್ಲಿ ಮಣ್ಣಾಡುತ್ತಿರಲಿ, ಒಳಗೆ ನಿದ್ದೆ ಹೊಡೆಯುತ್ತಿರಲಿ, ಚಹ ಮಾತ್ರ ಬಂದೇ ಬರುವುದು. ಗುಲ್ನಾಜಳದೂ ಅದೇ ದಾರಿ. "ಆಫ್ರೀನ್, ತಾತಾಗ ಹೇಳು, ಅಕ್ಕಿ ಮುಗುದೈತಿ."

ಅತ್ತೆ ಮೌಲಾಬಿ ಇರುವ ತನಕ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಮಗುವಿನ ಬಾಯಿಂದ ಹೇಳಿಸಲಾಗದ ಮಾತನ್ನು ಸೊಸೆ ಅತ್ತೆಯ ಕಿವಿಗೆ ಹಾಕುವಳು, ಅತ್ತೆ ಗಂಡನ ಕಿವಿಗೆ ಹಾಕುವಳು. ಆದರೆ ಮೌಲಾಬಿ ಕಳೆದ ಚಳಿಗಾಲದಲ್ಲಿ ನಾಲ್ಕು ದಿನದ ಜ್ವರಕ್ಕೆ ತೀರಿಕೊಂಡಳು. ಅವಳು ಸಾಕಿದ ಜರ್ಸಿ ಆಕಳು ಚಂದ್ರಿ ಆಗ ಗಬ್ಬವಾಗಿತ್ತು.

ಗುಲ್ನಾಜ್ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಅವಳ ತವರಿನ ಓಣಿಯಲ್ಲಿ ದನವೆಂದರೆ ಅಂಗಡಿಯವರು ಎಸೆದ ಬಾಳೆಹಣ್ಣು ತಿಂದು ನಡುರಸ್ತೆಯಲ್ಲಿ ಮಲಗುವ ಪ್ರಾಣಿ, ಅಷ್ಟೇ. ಮದುವೆಯಾಗಿ ಬಂದ ಮೊದಲ ವಾರ ಸಗಣಿ ಬಾಚಲು ಹೋಗಿ, ವಾಸನೆಗೆ ಓಕರಿಸಿ, ಬಾಗಿಲ ಹಿಂದೆ ನಿಂತು ಅತ್ತವಳು. ಮೌಲಾಬಿ ಬೈಯಲಿಲ್ಲ. ಕೈಹಿಡಿದು ಹಾಲು ಹಿಂಡುವುದನ್ನು ಕಲಿಸಿದಳು. ಗಂಡ ನಯಾಜ್ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದ. ಅಲ್ಲೇ ಒಂದು ಕೋಣೆ ಹಿಡಿದಿದ್ದು, ಹದಿನೈದು ದಿನಕ್ಕೊಮ್ಮೆ ಊರಿಗೆ ಬರುವನು. ಹೀಗಾಗಿ ಅತ್ತೆ ಹೋದ ಮೇಲೆ ಮನೆಯಲ್ಲಿ ಉಳಿದವರು ಗೋಡೆ ನೋಡಿ ಮಾತಾಡುವ ಮಾವ, ನೆಲ ನೋಡಿ ಮಾತಾಡುವ ಸೊಸೆ, ಇಬ್ಬರ ನಡುವೆ ಒಂದು ಮಗು.

ಜೂನ್ ತಿಂಗಳ ಹತ್ತಕ್ಕೆ ಚಂದ್ರಿ ಈಯಿತು. ಹೆಣ್ಣುಗರು ಸುಸೂತ್ರವಾಗಿ ಬಂತು, ಆದರೆ ಮಾಸು ಬೀಳಲಿಲ್ಲ. ಸಂಜೆಯಾಯಿತು, ಮರುದಿನವಾಯಿತು, ಹಿಂದೆ ಜೋತುಬಿದ್ದದ್ದು ಜೋತುಬಿದ್ದೇ ಇತ್ತು. ಪಕ್ಕದ ಮನೆಯ ಗಾದಿಲಿಂಗ ಬಂದು, ಅದಕ್ಕೊಂದು ಹಳೆಯ ಚಪ್ಪಲಿ ಕಟ್ಟಿದರೆ ಭಾರಕ್ಕೆ ತಾನೇ ಇಳಿಯುತ್ತದೆ, ತನ್ನ ಅಜ್ಜನ ಕಾಲದಿಂದ ಹಾಗೇ ಮಾಡುತ್ತ ಬಂದಿದ್ದೇವೆ ಅಂದ. ಹೈದರಸಾಬರು ತಮ್ಮ ಚಪ್ಪಲಿಯನ್ನೇ ಕಟ್ಟಿದರು. ಮೂರನೆಯ ದಿನ ಆಕಳಿಗೆ ಜ್ವರ ಬಂದು, ಮೇವು ಬಿಟ್ಟು, ಕೊಟ್ಟಿಗೆಯೆಲ್ಲ ನಾರತೊಡಗಿತು. ಆಗ ಸಿರುಗುಪ್ಪದಿಂದ ದನದ ಡಾಕ್ಟರ್ ಅಮರೇಶ್ ಬಂದರು. ಚಪ್ಪಲಿ ನೋಡಿ, "ಇದನ್ನ ಕಾಲಿಗೆ ಹಾಕ್ಕೋಬೇಕ್ರಿ ಯಜಮಾನ್ರ, ಗರ್ಭಕೋಶಕ್ಕಲ್ಲ" ಅಂದರು. ಓಣಿಯ ಹತ್ತು ಜನರೆದುರು ಆಡಿದ ಮಾತು ಅದು. ಹೈದರಸಾಬರ ಮುಖ ಸಣ್ಣದಾಯಿತು. ಆ ದಿನದಿಂದ ಅವರಿಗೆ ಡಾಕ್ಟರೆಂದರೆ ಒಂದು ಥರ ಅಂಜಿಕೆ.

ಡಾಕ್ಟರು ಔಷಧ ಹಾಕಿ, ಸೂಜಿ ಕೊಟ್ಟು, ಹಿಂಭಾಗವನ್ನು ದಿನಾ ಬಿಸಿನೀರಿನಲ್ಲಿ ತೊಳೆದು ಸ್ವಚ್ಛವಾಗಿಡಬೇಕೆಂದು ಹೇಳಿ ಹೋದರು. ತೊಳೆಯುವವರು ಯಾರು? ಆ ಕೀವಿನ ವಾಸನೆಗೆ ನಾಯಿಯೂ ಹತ್ತಿರ ಬರುತ್ತಿರಲಿಲ್ಲ. ಸಗಣಿಗೆ ಓಕರಿಸಿದ್ದ ಬ್ರೂಸ್‌ಪೇಟೆಯ ಹುಡುಗಿಯೇ ಬೇವಿನ ಸೊಪ್ಪು ಹಾಕಿ ನೀರು ಕಾಯಿಸಿ, ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಹದಿನೆಂಟು ದಿನ ತೊಳೆದಳು. ತೊಳೆಯುತ್ತ ತೊಳೆಯುತ್ತ ಅತ್ತೆಯನ್ನು ನೆನೆದು ಅಳುವಳು. ಚಂದ್ರಿ ಕದಲದೆ ನಿಂತಿರುವುದು. ಅತ್ತೆ ಸತ್ತಾಗ ನೆಂಟರ ನಡುವೆ ಅಳಲಾಗದ ಅಳುವನ್ನೆಲ್ಲ ಗುಲ್ನಾಜ್ ಅತ್ತದ್ದು ಆ ಕೊಟ್ಟಿಗೆಯಲ್ಲೇ. ಹತ್ತೊಂಬತ್ತನೆಯ ದಿನ ಚಂದ್ರಿ ಬುಟ್ಟಿಗೆ ಬಾಯಿಹಾಕಿ ಹಿಂಡಿ ತಿಂದಾಗ, ಆಫ್ರೀನ್ ಮೊದಲ ಹೆಜ್ಜೆ ಇಟ್ಟ ದಿನ ಆದಷ್ಟೇ ಸಂತೋಷ ಅವಳಿಗಾಯಿತು. ಅವತ್ತಿನಿಂದ ಆ ಆಕಳು ಅತ್ತೆಯದಲ್ಲ, ತನ್ನದು ಅನ್ನಿಸಿತು.

ಕೊನೆಯ ಸಲ ಬಂದಾಗ ಡಾಕ್ಟರು ಕಟ್ಟೆಯ ಮೇಲೆ ಕೂತು ಹೈದರಸಾಬರಿಗೆ ಹೇಳಿದ್ದನ್ನು ಗುಲ್ನಾಜ್ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು.

"ಈದ ಮ್ಯಾಲ ಗರ್ಭಕೋಶ ಮೊದಲಿನಂಗ ಕುಗ್ಗಾಕ ನಲವತ್ತು, ನಲವತ್ತೈದು ದಿನ ಬೇಕ್ರಿ. ಇದಕ್ಕ ಕೀವಾಗಿತ್ತು, ಇನ್ನೊಂದಿಷ್ಟು ದಿನ ಜಾಸ್ತಿ ಹಿಡಿತೈತಿ. ಅರವತ್ತು ದಿನ ದಾಟಿದ ಮ್ಯಾಲ ಬೆದಿಗಿ ಬರ್ತೈತಿ, ಆವಾಗ ಗಬ್ಬದ ಇಂಜೆಕ್ಷನ್ ಮಾಡೋಣು. ಕಣ್ಣಿಟ್ಟು ನೋಡ್ರಿ. ಜರ್ಸಿ ಆಕಳ ನಮ್ಮ ನಾಟಿ ಆಕಳಂಗ ಒದರೂದಿಲ್ಲ. ನಸುಕಿನ್ಯಾಗ ತೋರಿಸ್ತೈತಿ, ಮರುದಿನಕ್ಕ ಮುಗುದಿರ್ತೈತಿ. ಹೊತ್ತು ತಪ್ಪಿತಂದ್ರ ಮತ್ತ ಇಪ್ಪತ್ತೊಂದು ದಿನ ಕಾಯಬೇಕು."

"ನಲವತ್ತು ದಿನ ಅಂದ್ರ ನಮ್ಮ ಬಾಣಂತ್ಯಾರಂಗನ ಆತಲ್ರಿ" ಎಂದರು ಹೈದರಸಾಬರು. ಹಾಗೆಯೇ ನಡೆಸಿದರು ಕೂಡ. ಮಳೆಗಾಲದ ಥಂಡಿ ತಾಗದಂತೆ ಚಂದ್ರಿಯ ಬೆನ್ನಿಗೆ ಗೋಣಿಚೀಲ ಹೊದಿಸಿದರು, ಬೆಲ್ಲ, ಮೆಂತ್ಯ, ಸಬ್ಬಸಗಿ ಸೊಪ್ಪು ತಂದು ಹಾಕಿದರು. ಬಾಣಂತನದಲ್ಲಿ ಕೊರತೆ ಮಾಡಲಿಲ್ಲ. ಆದರೆ ನಸುಕಿನಲ್ಲಿ ಕಣ್ಣಿಟ್ಟು ನೋಡುವುದು ಹೇಗೆ? ನಸುಕಿನಲ್ಲಿ ಕೊಟ್ಟಿಗೆ ಸೊಸೆಯದು. ಬಟ್ಟೆ ಎತ್ತಿಕಟ್ಟಿ ಸಗಣಿ ಬಾಚುವ ಹೊತ್ತಿನಲ್ಲಿ ಮಾವ ಅತ್ತ ಕಾಲಿಡಬಾರದು. ಹೈದರಸಾಬರು ಎಂಟು ಗಂಟೆಗೆ ಬಂದು, ದೂರದಿಂದಲೇ ಎರಡು ಸಲ ಕೆಮ್ಮಿ, ಅವಳು ಒಳಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ಆಮೇಲೆ ಬಾಗಿಲಲ್ಲಿ ಇಣುಕುವರು.

ಆಗಸ್ಟ್ ಹದಿಮೂರು, ಈದ ಅರವತ್ತನಾಲ್ಕನೆಯ ದಿನ. ಗುಲ್ನಾಜ್ ನಸುಕಿಗೆ ಕೊಟ್ಟಿಗೆಗೆ ಹೋದಾಗ ಚಂದ್ರಿ ನಿಂತಲ್ಲಿ ನಿಲ್ಲದೆ ಹೆಜ್ಜೆ ಬದಲಿಸುತ್ತಿತ್ತು. ಹಿಂದಿನಿಂದ ಮೊಟ್ಟೆಯ ಬಿಳಿಯಂಥ ತಿಳಿಯಾದ ಲೋಳೆ ಮೊಳಕಾಲವರೆಗೆ ಇಳಿದಿತ್ತು. ಕೀವಿಲ್ಲ, ವಾಸನೆಯಿಲ್ಲ. ಒಳಗಿನ ಕೆಟ್ಟದ್ದೆಲ್ಲ ಹೋಗಿ ಕೊನೆಯ ಕೊಳೆ ಇಳಿಯುತ್ತಿದೆ ಎಂದು ಅವಳು ಹಿಗ್ಗಿದಳು. ಕೂಡಲೇ ಬಿಸಿನೀರು ತಂದು, ಬಾಲವನ್ನೂ ಬಿಡದೆ ಉಜ್ಜಿ ತೊಳೆದು, ಬಟ್ಟೆಯಿಂದ ಒರೆಸಿದಳು. ಎಂಟಕ್ಕೆ ಹೈದರಸಾಬರು ಕೆಮ್ಮಿ ಬಂದು ಇಣುಕಿದರು. ಆಕಳು ಮದುಮಗಳ ಹಾಗೆ ಸ್ವಚ್ಛವಾಗಿ ನಿಂತಿತ್ತು. "ಇನ್ನೂ ಬಂದಿಲ್ಲ" ಎಂದು ತಮ್ಮಷ್ಟಕ್ಕೆ ಅಂದುಕೊಂಡು ಹೊಲಕ್ಕೆ ಹೋದರು.

ಎರಡು ದಿನದ ಮೇಲೆ ಗಾದಿಲಿಂಗನ ಹೆಂಡತಿ ಜಂಬಮ್ಮ ಮಜ್ಜಿಗೆಗೆಂದು ಬಂದಾಗ ಗುಲ್ನಾಜ್ ಈ ಸಂತೋಷದ ಸುದ್ದಿ ಹೇಳಿದಳು. ಜಂಬಮ್ಮ ತಂಬಿಗೆ ಕೆಳಗಿಟ್ಟು ಹಣೆ ಹಣೆ ಬಡಿದುಕೊಂಡಳು.

"ಅದು ಕೊಳಿ ಅಲ್ಲಲೇ ಹುಚ್ಚಿ, ಬೆದಿ ಅದು. ಅದನ್ನ ತೊಳದು ಬಿಟ್ಟೇನು?"

ಗುಲ್ನಾಜ್ ಅವಳ ಕೈಹಿಡಿದಳು. "ನೀವ ಹೇಳ್ರಿ ಅಕ್ಕಾ ನಮ್ಮ ಮಾವಗ."

"ನಾನಾ? ಹೈದರಸಾಬ್ ಮಾವನ ಮುಂದ ನಾ ಸೆರಗು ಹೊದ್ದು ತಲಿ ತಗ್ಗಿಸಿ ಹೋಗಾಕಿ. ಇಂಥಾ ಮಾತು ಹೆಂಗ ಆಡ್ಲಿ? ಮುಂದಿನ ಸಲ ನಿನ್ನ ಗಂಡಗ ಹೇಳು, ಅವ ಹೇಳ್ತಾನ."

ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಗುಲ್ನಾಜ್ ಕಾಡಿಗೆಯಿಂದ ಹದಿಮೂರರ ಮೇಲೊಂದು ಚುಕ್ಕೆ ಇಟ್ಟಳು. ಬೆರಳು ಮಡಚಿ ಇಪ್ಪತ್ತೊಂದು ಎಣಿಸಿ, ಸೆಪ್ಟೆಂಬರ್ ಮೂರರ ಮೇಲೆ ಇನ್ನೊಂದು ಇಟ್ಟಳು.

ಚಂದ್ರಿ ದಿನ ತಪ್ಪಿಸಲಿಲ್ಲ. ಸೆಪ್ಟೆಂಬರ್ ಮೂರರ ನಸುಕಿಗೆ ಅದೇ ಚಡಪಡಿಕೆ, ಅದೇ ಲೋಳೆ. ಗುಲ್ನಾಜ್ ಒಡನೆ ನಯಾಜನಿಗೆ ಫೋನ್ ಹಚ್ಚಿದಳು. ಪಾಳಿಯಲ್ಲಿದ್ದವರು ಫೋನ್ ಹೊರಗಿಟ್ಟು ಹೋಗಬೇಕು. ಅವನು ಸಿಕ್ಕಿದ್ದು ಒಂಬತ್ತಕ್ಕೆ. ಅಷ್ಟರಲ್ಲಿ ಅವಳ ಕೈ ರೂಢಿಯಂತೆ ಆಕಳನ್ನು ತೊಳೆದುಬಿಟ್ಟಿತ್ತು, ಹೈದರಸಾಬರು ಇಣುಕಿ ಹೋಗಿಯೂ ಆಗಿತ್ತು.

"ನಾ ಹೆಂಗ ಹೇಳ್ಲಿ ಅಬ್ಬಾಗ?" ಅಂದ ನಯಾಜ್. "ಕುಡತಿನ್ಯಾಗ ಕುಂತು ನಿನಗ ಹೆಂಗ ಗೊತ್ತಾತು ಅಂತಾರ."

"ನಾ ಹೇಳೀನಿ ಅಂತ ಹೇಳ್ರಿ."

"ಅದು ಇನ್ನೂ ಕೆಟ್ಟ. ನನ್ನ ಹೇಣ್ತಿ ಹೇಳಿದ್ಲು ಅಂತ ಅಬ್ಬಾನ ಮುಂದ ಬೆದಿ ಮಾತು ಆಡ್ಲೇನು? ಸಂಜಿಕಿ ನೋಡ್ತೀನಿ ತಗಾ."

ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಜಾತಿ ಇದು, ಇವನನ್ನು ನಂಬಿ ಕೂರಬಾರದು ಅಂದುಕೊಂಡಳು ಗುಲ್ನಾಜ್. ಮಧ್ಯಾಹ್ನ ಮಾವ ಊಟಕ್ಕೆ ಬಂದಾಗ ಮಗಳನ್ನು ಕರೆದು, "ತಾತಾಗ ಹೇಳು, ಚಂದ್ರಿಗೆ ಸೂಜಿ ಮಾಡಾಕ ಡಾಕ್ಟರ್ ಬರಬೇಕಂತ" ಎಂದು ಮೂರು ಸಲ ಹೇಳಿಸಿ ಕಳಿಸಿದಳು. ಆಫ್ರೀನ್ ಓಡಿಹೋಗಿ, "ತಾತಾ, ಚಂದ್ರಿಗೆ ಸೂಜಿ" ಅಂದಳು. ಮೊಮ್ಮಗಳು ಡಾಕ್ಟರಾಟ ಆಡುತ್ತಿದ್ದಾಳೆಂದು ಹೈದರಸಾಬರಿಗೆ ಖುಷಿಯೋ ಖುಷಿ. ಜೋಳದ ದಂಟಿನದೊಂದು ಸೂಜಿ ಮಾಡಿಕೊಟ್ಟರು. ಅಜ್ಜ ಮೊಮ್ಮಗಳು ಕೂಡಿ ಚಂದ್ರಿಯ ತೊಡೆಗೆ ಐದಾರು ಸೂಜಿ ಚುಚ್ಚಿ, ನಕ್ಕು ನಕ್ಕು ಸುಸ್ತಾದರು. ಒಳಗೆ ಗುಲ್ನಾಜಳಿಗೆ ನಗುವೂ ಬಂತು, ಗೋಡೆಗೆ ಹಣೆ ಚಚ್ಚಿಕೊಳ್ಳುವಂತೆಯೂ ಆಯಿತು. ಸಂಜೆ ನಯಾಜ್ ಅಪ್ಪನಿಗೆ ಫೋನ್ ಮಾಡಿದ. ಯೂರಿಯಾ ಸಿಕ್ಕಿತೇ, ಕಾಲುವೆಗೆ ನೀರು ಬಂತೇ ಎಂದು ಹತ್ತು ನಿಮಿಷ ಮಾತಾಡಿ ಇಟ್ಟ. ಗುಲ್ನಾಜ್ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ ಇಪ್ಪತ್ತನಾಲ್ಕರ ಮೇಲೆ ಮೂರನೆಯ ಚುಕ್ಕೆ ಇಟ್ಟಳು.

ಅದಕ್ಕೆ ಐದು ದಿನ ಮೊದಲು ಹೈದರಸಾಬರು ಕಟ್ಟೆಯ ಮೇಲೆ ಗಾದಿಲಿಂಗನೊಡನೆ ಆಡಿದ ಮಾತು ಒಳಗೆ ರೊಟ್ಟಿ ಬಡಿಯುತ್ತಿದ್ದವಳ ಕಿವಿಗೆ ಬಿತ್ತು.

"ನೂರು ದಿನ ಆತಪ್ಪ. ಒಮ್ಮಿನೂ ಬೆದಿಗಿ ಬಂದಿಲ್ಲ. ಒಳಗ ಕೀವು ಎಲ್ಲಾ ಕೆಡಿಸಿಬಿಟ್ಟೈತಿ. ಹಾಲು ಬತ್ತಿದ ಮ್ಯಾಲ ಬಂಜಿ ಆಕಳನ್ನ ಯಾರು ಕೇಳ್ತಾರ? ಕುರುಗೋಡಿನ ಉಚ್ಚೆಂಗೆಪ್ಪಗ ಹೇಳಿ ಕಳಿಸೀನಿ. ಬುಧವಾರ ಬರ್ತಾನ, ಹೊಡಕೊಂಡು ಹೋಗ್ತಾನ."

"ಡಾಕ್ಟರಿಗೆ ಒಮ್ಮಿ ತೋರಿಸಬಾರದೇನು?"

"ಮತ್ತ ಚಪ್ಪಲಿ ಮಾತು ತೆಗಿತಾನ. ಸಾಕು."

ತವೆಯ ಮೇಲಿನ ರೊಟ್ಟಿ ಸೀದು ಕರಿಯಾಯಿತು. ಬುಧವಾರವೆಂದರೆ ಇಪ್ಪತ್ತನಾಲ್ಕು. ಚಂದ್ರಿ ಬಂಜೆಯಲ್ಲ ಎಂದು ಈ ಭೂಮಿಯ ಮೇಲೆ ಕಣ್ಣಾರೆ ಕಂಡು ಗೊತ್ತಿದ್ದವಳು ಅವಳೊಬ್ಬಳೇ. ಅದನ್ನು ಯಾರಿಗೆ ಹೇಳಬೇಕೋ ಅವರು ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದರು. ಎದ್ದುಹೋಗಿ ಒಂದು ಮಾತು ಅಂದರೆ ಮುಗಿಯಿತು. ಬಾಗಿಲ ತನಕ ಹೋದಳು ಕೂಡ. ಆದರೆ ಆ ಪದ ನಾಲಿಗೆಗೆ ಬಂದೊಡನೆ ಹಿಂದಿರುಗಿದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಹದಿನೆಂಟು ದಿನ ಕೀವು ತೊಳೆದ ಕೈಗೆ ಇಲ್ಲದ ಹೇಸಿಗೆ ಒಂದು ಮಾತಿಗೆ ಎಲ್ಲಿಂದ ಬಂತೋ.

ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು. ಬುಧವಾರ ತೊಳೆಯುವುದೇ ಬೇಡ. ಇದ್ದದ್ದು ಇದ್ದ ಹಾಗೇ ಇರಲಿ. ಮಾವ ಬಂದು ಇಣುಕಿದಾಗ ಕಣ್ಣಾರೆ ಕಾಣುತ್ತಾರೆ, ತಾನು ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಬುಧವಾರ ನಸುಕಿಗೆ ಚಂದ್ರಿಯ ಹಿಂದೆ ಲೋಳೆಯ ಎಳೆ ನೆಲಕ್ಕೆ ತಾಗುವಷ್ಟು ಇಳಿದಿತ್ತು. ಗುಲ್ನಾಜ್ ಅದರ ಬೆನ್ನು ಸವರಿ, ಸಗಣಿಯನ್ನಷ್ಟೇ ಬಾಚಿ, ನೀರಿನ ಬಕೀಟು ಮುಟ್ಟದೆ ಒಳಗೆ ಬಂದು ಎಂಟು ಗಂಟೆಗೆ ಕಾಯುತ್ತ ಕೂತಳು. ಆದರೆ ಉಚ್ಚೆಂಗೆಪ್ಪ ಏಳಕ್ಕೇ ಬಂದ. ಗಾಡಿಯನ್ನು ಓಣಿಯ ತುದಿಯಲ್ಲಿ ನಿಲ್ಲಿಸಿ, ಹೈದರಸಾಬರು ಕುರ್ಚಿ ತರಲು ಒಳಗೆ ಹೋದ ಹೊತ್ತಿಗೆ ತಾನೊಬ್ಬನೇ ಕೊಟ್ಟಿಗೆಗೆ ನಡೆದ. ಅಡುಗೆಮನೆಯ ಕಿಟಕಿಯಿಂದ ಗುಲ್ನಾಜಳಿಗೆ ಎಲ್ಲವೂ ಕಾಣುತ್ತಿತ್ತು. ಮೂವತ್ತು ವರ್ಷ ದನದ ವ್ಯಾಪಾರ ಮಾಡಿದವನು ಅವನು. ಆಕಳ ಹಿಂದೆ ಬಗ್ಗಿದವನೇ ನಿಂತುಬಿಟ್ಟ. ತಿರುಗಿ ಮನೆಯ ಬಾಗಿಲು ನೋಡಿದ. ಗೋದಲಿಯಿಂದ ಒಂದು ಹಿಡಿ ನೆಲ್ಲುಹುಲ್ಲು ಎಳೆದು, ಆ ಎಳೆಯನ್ನೂ ಬಾಲವನ್ನೂ ಚೆನ್ನಾಗಿ ಒರೆಸಿ, ಹುಲ್ಲನ್ನು ಗಟಾರಕ್ಕೆ ಒಗೆದ. ಹೈದರಸಾಬರು ಬಂದಾಗ ಬಾಲ ಎತ್ತಿ ತೋರಿಸುತ್ತ ಮುಖ ಸಪ್ಪಗೆ ಮಾಡಿದ್ದ.

"ಒಳಗ ಒಣಗಿಬಿಟ್ಟೈತ್ರಿ ಸಾಬ್ರ. ಇನ್ನ ಇದು ಗಬ್ಬ ಕಟ್ಟೂದಿಲ್ಲ. ಇರೋ ಹಾಲಿನ ಸಲುವಾಗಿ ಒಯ್ತೀನಿ, ಅಷ್ಟ."

ಗುಲ್ನಾಜಳ ಮೈ ಉರಿದುಹೋಯಿತು. ಚಂದ್ರಿಯನ್ನು ಒಯ್ಯಲು ಬಂದದ್ದಕ್ಕಲ್ಲ, ಅದನ್ನು ಬಂಜೆ ಎಂದು ಸುಳ್ಳು ಹೇಳಿದ್ದಕ್ಕೆ. ಆ ಸುಳ್ಳಿಗೆ ನಲವತ್ತು ದಿನದಿಂದ ತನ್ನ ಮೌನವೂ ಕೈಜೋಡಿಸಿದೆ ಎಂದು ಹೊಳೆದಾಗ ಇನ್ನಷ್ಟು ಉರಿಯಿತು. ಓಢಣಿಯನ್ನು ತಲೆಗೆಳೆದುಕೊಂಡು ಅವಳು ಹಿತ್ತಲ ಬಾಗಿಲಿಂದ ಹೊರಗೆ ಬಂದಳು. ಇಬ್ಬರು ಗಂಡಸರಿಂದ ನಾಲ್ಕು ಮಾರು ದೂರದಲ್ಲಿ ನಿಂತಳು.

"ಮಾವಾರ."

ಹೈದರಸಾಬರು ಸುತ್ತ ನೋಡಿದರು. ಆಫ್ರೀನ್ ಅಲ್ಲಿರಲಿಲ್ಲ.

"ಮಾವಾರ, ಚಂದ್ರಿ ಬೆದಿಗಿ ಬಂದೈತಿ. ಇವತ್ತ ನಸುಕಿನ್ಯಾಗ ಬಂದೈತಿ. ಇದು ಮೂರನೇ ಸಲ. ಹೋದ ತಿಂಗಳ ಹದಿಮೂರಕ್ಕ ಬಂದಿತ್ತು, ಈ ತಿಂಗಳ ಮೂರಕ್ಕ ಬಂದಿತ್ತು. ನಾ ದಿನಾ ತೊಳದು ಇಡ್ತಿದ್ದೆ, ಅದಕ್ಕ ನಿಮಗ ಕಾಣ್ಲಿಲ್ಲ."

ಉಚ್ಚೆಂಗೆಪ್ಪ ನಕ್ಕ. "ಪ್ಯಾಟಿ ಹೆಣ್ಮಕ್ಕಳಿಗೆ ದನದ ಬೆದಿ ಏನ್ ಗೊತ್ತಾಗ್ತೈತಿ, ಸಾಬ್ರ."

"ಇವ್ರು ಹುಲ್ಲಿನ್ಯಾಗ ಒರಿಸಿ ಗಟಾರಕ್ಕ ಒಗದಾರ. ನೋಡ್ರಿ ಮಾವಾರ" ಅಂದಳು ಗುಲ್ನಾಜ್.

ಹೈದರಸಾಬರು ಗಟಾರದ ಹತ್ತಿರ ಹೋಗಿ ಬಗ್ಗಿದರು. ಹುಲ್ಲಿನ ಹಿಡಿಯನ್ನು ಎತ್ತಿ ಬೆರಳಿನಿಂದ ಬಿಡಿಸಿದರು. ಎಳೆ ತುಂಡಾಗದೆ ಹಾಗೇ ಜಗ್ಗಿತು. ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೈತೊಳೆದುಕೊಂಡು ಬಂದು ಹೇಳಿದರು: "ನಮ್ಮ ಆಕಳ ಒರಿಸಿ ಉಪಕಾರ ಮಾಡೀಯಪ್ಪ ಉಚ್ಚೆಂಗೆಪ್ಪ. ಚಾ ಕುಡುದು ಹೋಗು."

ಅವನು ಚಹಕ್ಕೆ ನಿಲ್ಲಲಿಲ್ಲ. ಗಾಡಿಯ ಸದ್ದು ದೂರವಾದ ಮೇಲೂ ಸೊಸೆ ನಿಂತಲ್ಲೇ ನಿಂತಿದ್ದಳು. ಹೈದರಸಾಬರು ಗೋಡೆಯ ಕಡೆ ತಿರುಗಿದ್ದರು.

"ಮೂರು ಸಲ ಬಂದಿತ್ತಾ?"

"ಹೂಂ ರೀ."

"ಮತ್ತ ಯಾಕ ಹೇಳ್ಲಿಲ್ಲ?" ಅಂದರು. ಉತ್ತರಕ್ಕೆ ಕಾಯದೆ ತಾವೇ ಮುಂದುವರಿಸಿದರು. "ಹೆಂಗ ಹೇಳ್ತಿ. ನಾ ಕೇಳಿದ್ರಲ್ಲ ನೀ ಹೇಳಾದು. ನಿನ್ನ ಒಂದು ಮಾತು ಕೇಳಿದ್ರ ಮುಗೀತಿತ್ತು. ದಿನಾ ಕೇಳಬೇಕಂತ ಬರ್ತಿದ್ದೆ, ಕೆಮ್ಮಿ ಹೋಗ್ತಿದ್ದೆ. ಮುದುಕ ಆದ್ರೂ ನನಗ ನಾಚಿಕಿ ಬಿಡ್ಲಿಲ್ಲ ನೋಡವಾ."

ಡಾಕ್ಟರಿಗೆ ಅವರೇ ಫೋನ್ ಮಾಡಿದರು. ಎಷ್ಟು ಹೊತ್ತಿಗೆ ಶುರುವಾಯಿತೆಂದು ಅತ್ತಲಿಂದ ಕೇಳಿರಬೇಕು, ಫೋನನ್ನು ಸೊಸೆಯ ಕಡೆ ಚಾಚಿದರು. ನಸುಕಿನ ಐದಕ್ಕೆ ಕಂಡೆ ಎಂದು ಅವಳು ಹೇಳಿದಳು. ಹಾಗಾದರೆ ಇಂಜೆಕ್ಷನ್ ಸಂಜೆಗೇ ಸರಿ ಎಂದ ಡಾಕ್ಟರ್ ಅಮರೇಶ್ ಸಿರುಗುಪ್ಪದಿಂದ ಐದೂವರೆಗೆ ಬಂದು ಕೆಲಸ ಮುಗಿಸಿದರು. ಗರ್ಭಕೋಶ ಕುಗ್ಗಿ ಮೊದಲಿನಂತೆ ಆಗಿದೆ, ಕೀವಿನ ಗುರುತೂ ಇಲ್ಲ, ಯಾರು ತೊಳೆದರೋ ಚೆನ್ನಾಗಿ ತೊಳೆದಿದ್ದಾರೆ ಅಂದರು. ಚಪ್ಪಲಿಯ ಮಾತು ಎತ್ತಲಿಲ್ಲ. ಆದರೆ ಒಂದೇ ಸಲಕ್ಕೆ ಗಬ್ಬ ನಿಲ್ಲುತ್ತದೆಂದು ಹೇಳಲಾಗದು, ಇಪ್ಪತ್ತೊಂದನೆಯ ದಿನ ಮತ್ತೆ ಬೆದೆ ಕಂಡರೆ ನಿಂತಿಲ್ಲವೆಂದು ತಿಳಿಯಬೇಕು ಎಂದು ಎಚ್ಚರಿಸಿ ಹೋದರು.

ಅಕ್ಟೋಬರ್ ಹದಿನೈದು ಇಪ್ಪತ್ತೊಂದನೆಯ ದಿನ. ಗುಲ್ನಾಜ್ ನಸುಕಿಗೆ ದೀಪ ಹಿಡಿದು ಬಾಲ ಎತ್ತಿ ನೋಡಿದಳು. ಏನೂ ಇರಲಿಲ್ಲ. ಮರುದಿನವೂ ಇರಲಿಲ್ಲ. ಮೂರನೆಯ ದಿನ ಅವಳು ಸಗಣಿ ಬಾಚಿ, ಕೈತೊಳೆದು, ಓಢಣಿ ಸರಿಮಾಡಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ನೆರಳು ಕಂಡಿತು. ಹೈದರಸಾಬರು ಕೆಮ್ಮದೆ ಬಂದು ನಿಂತಿದ್ದರು. ಗಂಟೆ ಆರೂವರೆ.

"ಏನರ ಕಂಡ್ತೇನವಾ ಗುಲ್ನಾಜ್?"

ಮದುವೆಯಾಗಿ ಬಂದ ಐದು ವರ್ಷಗಳಲ್ಲಿ ಅವರು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಇಲ್ರಿ ಮಾವಾರ. ಮೂರು ದಿನ ಆತು, ಬೆದಿಗಿ ಬಂದಿಲ್ಲ."

"ಹಂಗಾದ್ರ ಗಬ್ಬ ನಿಂತೈತಿ ಅನ್ನು."

"ಡಾಕ್ಟರು ಕೈ ಹಾಕಿ ನೋಡೂತನಾ ಹೇಳಾಕ ಬರೂದಿಲ್ರಿ. ಅದಕ್ಕಿನ್ನ ಎರಡು ತಿಂಗಳು ಬೇಕು."

"ಡಾಕ್ಟರು ಆವಾಗ ಹೇಳ್ಲಿ" ಅಂದರು ಹೈದರಸಾಬರು. "ಈಗ ನೀ ಏನಂತಿ?"

ಗುಲ್ನಾಜ್ ಚಂದ್ರಿಯನ್ನು ನೋಡಿದಳು. ಅದು ಹುಲ್ಲಿಗೆ ಬಾಯಿಹಾಕಿ ನಿಶ್ಚಿಂತೆಯಿಂದ ಮೆಲ್ಲುತ್ತಿತ್ತು. ಆಮೇಲೆ ತಲೆಯೆತ್ತಿ ಮಾವನ ಮುಖವನ್ನೇ ನೋಡಿದಳು.

"ನಿಂತೈತ್ರಿ" ಅಂದಳು.